ವಂದನೆಯಲ್ಲಿ ಬಿಟ್ಟುಹೋದ ಹೆಸರು

ಹೊಳೆ ದಂಡೆಯ ಗುರುಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಕಾವ್ಯ ಕಟ್ಟಿದವನು ವರ್ಷಕ್ಕೊಮ್ಮೆ ಹುಣ್ಣಿಮೆಯ ಸಭೆಯಲ್ಲಿ ಓದಬೇಕು. ಓದುವ ಮೊದಲು ಪೂರ್ವಕವಿಗಳಿಗೆ, ಅಂದರೆ ತನಗಿಂತ ಮುಂಚೆ ಇದ್ದು ತನಗೆ ಮಾತು ಕೊಟ್ಟವರಿಗೆ, ವಂದನೆ ಹೇಳಬೇಕು. ವಂದನೆ ಗುರುಗಳಿಗೆ ಒಪ್ಪಿಗೆಯಾಗದಿದ್ದರೆ ಕಾವ್ಯವೂ ಇಲ್ಲ, ಸಭೆಯೂ ಇಲ್ಲ.

ಶಿಷ್ಯ ಮರುಳಸಿದ್ಧ ಆ ವರ್ಷ ಕಾವ್ಯ ಮುಗಿಸಿದ್ದ. ಯುದ್ಧ ಸೋತ ಅರಸನೊಬ್ಬ ಓಡಿಹೋಗಿ ಹುಲ್ಲಿನ ಬಣವೆಯಲ್ಲಿ ಅಡಗುತ್ತಾನೆ. ಸೇನಾಪತಿ ಬಂದು ಬೈದು ಬೈದೇ ಅವನನ್ನು ಹೊರಗೆಳೆಯುತ್ತಾನೆ. ಕಥೆ ಇಷ್ಟೇ. ಆದರೆ ಆ ಬೈಗುಳ ಕೇಳಿದ ಸಹಪಾಠಿಗಳು ಉಣ್ಣುವುದನ್ನು ಬಿಟ್ಟು ಕುಣಿದಿದ್ದರು.

ಗುರು ಹಂಪಯ್ಯನವರು ವಂದನೆ ಕೇಳಿದರು. ಅದರಲ್ಲಿ ದೇವಿ ಇದ್ದಳು. ಮರುಳಸಿದ್ಧ ಓದದೇ ಇದ್ದ ಹಳೆಯ ಕವಿಗಳೆಲ್ಲ ಸಾಲಾಗಿ ನಿಂತಿದ್ದರು.

“ಒಂದು ಹೆಸರು ಬಿಟ್ಟೀಯಪಾ,” ಎಂದರು ಗುರುಗಳು.

ಮರುಳಸಿದ್ಧ ನಾಲಿಗೆ ಕಚ್ಚಿಕೊಂಡ. ಗುರುವನ್ನೇ ಬಿಟ್ಟಿದ್ದ! ಮಧ್ಯಾಹ್ನದೊಳಗೆ ಹೊಸ ಪದ್ಯ ತಂದ.

“ಅಪ್ಪಾರ, ನಿಮ್ಮನ್ನ ಸೂರ್ಯ ಅಂದೀನ್ರಿ, ಸಮುದ್ರ ಅಂದೀನ್ರಿ, ಸಿಂಹ ಅಂದೀನ್ರಿ.”

“ಬಿಸಲು, ಉಪ್ಪು, ಉಗುರು. ಈ ವಯಸ್ಸಿನ್ಯಾಗ ನನಗ್ಯಾಕೋ ಅವೆಲ್ಲ? ಇನ್ನೂ ಬಿಟ್ಟೈತಿ.”

ಶಿಷ್ಯ ಹೊಳೆಯನ್ನು ಸೇರಿಸಿದ. ಬೇವಿನ ಮರವನ್ನು ಸೇರಿಸಿದ. ಕೊನೆಗೆ ಅಡುಗೆಯ ಬಸಣ್ಣನನ್ನೂ ಸೇರಿಸಿದ. ಅಂದು ಅವನ ತಾಟಿಗೆ ತುಪ್ಪ ಹೆಚ್ಚು ಬಿತ್ತು.

“ಬಸಣ್ಣಗ ಹೆಸರು ಬಂತು, ನಿನಗ ತುಪ್ಪ ಬಂತು,” ಎಂದರು ಗುರುಗಳು. “ಬರಬೇಕಾದಾಕಿ ಬರಲಿಲ್ಲ... ಇಲ್ಲಾ, ಬರಬೇಕಾದಾವ. ಯಾರೋ ಏನೋ, ನನಗೇನು ಗೊತ್ತು? ಅದಿರಲಿ, ನಿನ್ನ ಅರಸ ಬಣವ್ಯಾಗ ಯಾಕ ಅಡಗಿದ? ಅವಗ ಕೋಟಿ ಕೊತ್ತಲ ಇರಲಿಲ್ಲೇನು?”

“ದೇವಿ ಹಂಗ ಹೊಳಿಸಿದಳ್ರಿ.”

“ನಿನ್ನ ಸಾಕಿದವರು ಯಾರು?”

ಮರುಳಸಿದ್ಧ ಅವಸರದಿಂದ ಹೇಳಿದ, “ನಾ ಗುಡ್ಯಾಗ ಬೆಳದಾವ್ರಿ. ದೇವಿನೇ ನನ್ನ ಸಾಕಿದಳು.”

ಹಸಿ ಸುಳ್ಳು. ಅವನನ್ನು ಸಾಕಿದವಳು ದೊಡ್ಡವ್ವ ಸಂಕವ್ವ, ಮೊಸರು ಮಾರುವವಳು. ಬಾವಿಕಟ್ಟೆಯಲ್ಲಿ ಅವಳು ಜಗಳಕ್ಕೆ ನಿಂತರೆ ಜನ ಕೊಡ ಇಳಿಸಿ ಕೂತು ಕೇಳುತ್ತಿದ್ದರು. ಪಂಡಿತರ ಸಭೆಯಲ್ಲಿ ಅವಳ ಹೆಸರು ಬಂದರೆ ತನ್ನ ಮರ್ಯಾದೆ ಹೋದಂತೆಯೇ ಎಂದು ಮರುಳಸಿದ್ಧ ತಿಳಿದಿದ್ದ.

“ನಾಳೆ ಹುಣ್ಣಿಮಿ,” ಎಂದರು ಗುರುಗಳು. “ಆ ಹೆಸರು ಬರದಿದ್ರ ನಿನ್ನ ಕಾವ್ಯ ಬರೋ ವರ್ಷಕ್ಕ.”

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಒಂದು ದನಿ ಕೇಳಿತು. ನಾಯಿ ಬೊಗಳುವುದನ್ನು ನಿಲ್ಲಿಸಿತು. ಬಸಣ್ಣ ಸೌಟು ಹಿಡಿದುಕೊಂಡೇ ಹೊರಗೆ ಬಂದ. ಮರುಳಸಿದ್ಧ ಮಾತ್ರ ಎಲ್ಲೂ ಕಾಣಲಿಲ್ಲ.

ತಲೆಯ ಮೇಲೆ ಮೊಸರಿನ ಗಡಿಗೆ, ಕಂಕುಳಲ್ಲಿ ರೊಟ್ಟಿಯ ಗಂಟು. ಗುರುಗಳು ಹೇಳಿಕಳಿಸಿದ್ದಕ್ಕೆ ಬಂದಿದ್ದ ಸಂಕವ್ವ ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಕೊಟ್ಟಿಗೆಯ ಹಿಂದಿನ ಬಣವೆಗೆ ಹೋದಳು.

“ಹುಲ್ಲಿನ್ಯಾಗ ಹೊಕ್ಕೀಯೇನೋ, ಕಲ್ಲಿನಂಥ ಮಗನ! ಹಲ್ಲು ಬರೋತನಕ ನಾ ಬೇಕು, ಸೊಲ್ಲು ಬಂದ ಮ್ಯಾಲ ಬ್ಯಾಡಾದ್ನೇನು? ಎಲ್ಲಿ ಅಡಗತೀಯೋ? ಬಲ್ಲೆ ನಾ, ಸಣ್ಣಾವಿದ್ದಾಗಿಂದ ಬಣವಿನೇ ನಿನ್ನ ಅರಮನಿ!”

ಬಸಣ್ಣ ಅವಳನ್ನು ತಡೆಯಲು ಹೊರಟ. ಜಗುಲಿಯ ಮೇಲಿದ್ದ ಗುರುಗಳು ಅವನ ಧೋತರ ಹಿಡಿದು ಕೂರಿಸಿದರು. ಅವರ ಕಣ್ಣು ಮುಚ್ಚಿತ್ತು, ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಬಣವೆ ಅಲುಗಿತು. ಕೂದಲ ತುಂಬ ಹುಲ್ಲು ಮೆತ್ತಿಕೊಂಡು ಮರುಳಸಿದ್ಧ ಹೊರಬಂದ.

“ಸೊರಗೀಯಲ್ಲೋ,” ಎಂದಳು ಸಂಕವ್ವ. ಸೆರಗಿನಿಂದ ಅವನ ಮುಖ ಒರೆಸಿದಳು. ಬಸಣ್ಣನ ಕಡೆ ತಿರುಗಿ, “ಇವಗ ಏನು ಹಾಕತೀರಿ? ಬರೇ ಗಾಳಿನೇನು?” ಎಂದಳು.

ಮರುಳಸಿದ್ಧ ಗುರುಗಳ ಕಾಲಿಗೆ ಬಿದ್ದ. “ತಪ್ಪಾತ್ರಿ ಅಪ್ಪಾರ. ಈಕಿ ನಮ್ಮ ದೊಡ್ಡವ್ವ. ಓದು ಬರಹ ಬಾರದಾಕಿ, ಬಾಯಿ ಸ್ವಲ್ಪ ಜೋರು. ಮನಸ್ಸಿಗೆ ಹಚ್ಕೋಬ್ಯಾಡ್ರಿ.”

“ನಿನ್ನ ಸೇನಾಪತಿ ಎಲ್ಲಾ ಸರಿ ಇದ್ದ,” ಎಂದರು ಗುರುಗಳು. “ಅವನ ತಲಿ ಮ್ಯಾಲ ಮೊಸರಿನ ಗಡಗಿ ಒಂದು ಬಿಟ್ಟಿದ್ದಿ ನೋಡು.”

ಮರುಳಸಿದ್ಧನಿಗೆ ಬಾವಿಕಟ್ಟೆ ನೆನಪಾಯಿತು. ಜಗಳದ ನಡುವೆಯೂ ದೊಡ್ಡವ್ವ ಅವನನ್ನು ಮಡಿಲಿಂದ ಇಳಿಸುತ್ತಿರಲಿಲ್ಲ. ಅವಳ ಬೈಗುಳದ ಲಯಕ್ಕೆ ಅವನಿಗೆ ಸೊಗಸಾದ ನಿದ್ದೆ ಬರುತ್ತಿತ್ತು. ತನ್ನ ಸುಳ್ಳಿಗೆ ಅವನಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು. ಅವಳು ತಂದ ರೊಟ್ಟಿ ಮುರಿದು ಮೊಸರಲ್ಲಿ ಅದ್ದಿ ತಿಂದ.

ಸಂಜೆ ಸಭೆ ಸೇರಿತು. ಶಾಲು ಹೊದ್ದ ಪಂಡಿತರು ಮುಂದೆ ಕೂತರು. ಸಂಕವ್ವ ಕಂಬಕ್ಕೆ ಒರಗಿ ಕೂತು ಎಲೆ ಅಡಿಕೆ ಹಾಕಿಕೊಂಡಳು.

ಮರುಳಸಿದ್ಧ ಎದ್ದು ನಿಂತ. ಗುರುಗಳ ಮುಖ ನೋಡಿದ. ಅವರು ಎತ್ತಲೋ ನೋಡುತ್ತಿದ್ದರು.

“ಮೊದಲನೇ ಶರಣು ನಮ್ಮ ದೊಡ್ಡವ್ವ ಸಂಕವ್ವಗ,” ಎಂದ. “ಆಕಿ ಬಾವಿಕಟ್ಟಿ ಜಗಳ ಕೇಳಿ ಕೇಳಿ ನನಗ ಕಾವ್ಯ ಬಂತು.”

ಸಭೆ ಗೊಳ್ಳೆಂದಿತು. ಸಂಕವ್ವ ಧಡಕ್ಕನೆ ಎದ್ದಳು.

“ಮಂದಿ ಮುಂದ ಮಾನ ಕಳೀತೀಯೇನೋ, ಹಂದಿ! ತಂದು ಉಣಿಸಿದಾಕಿಗೆ ಕುಂದು ಹಚ್ಚತೀಯೇನೋ? ಒಂದು ದಿನಾರ ಯಾರ ಜೋಡಿ ಜಗಳಾಡೀನೇನು ನಾ? ಬಂದೆ ನಿಲ್ಲು, ನಿನ್ನ...!”

ಪಂಡಿತರ ಶಾಲುಗಳು ಜಾರಿದವು. ಶಿಷ್ಯರಿಬ್ಬರು ಅವಳನ್ನು ಕೂರಿಸಲು ಓಡಿಬಂದರು.

ಹಂಪಯ್ಯನವರು ಕೈ ಎತ್ತಿದರು.

“ತಡೀಬ್ಯಾಡ್ರೋ. ಪೂರ್ವಕವಿ ಇನ್ನೂ ಮುಗಿಸಿಲ್ಲ.”