ಹೊತ್ತು ಹಿಂದಿರುಗಿದ ಸಮಿತ್ತು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಓದು ಮುಗಿಸಿದವರು ಮುಂದಿನ ವಿದ್ಯೆಗೆ ಬೇರೆ ಗುರುಕುಲಗಳ ಬಾಗಿಲು ತಟ್ಟಬೇಕಿತ್ತು. ಹೋಗುವವನ ಕೈಯಲ್ಲಿ ಒಂದು ಕಟ್ಟು ಸಮಿತ್ತು ಇರಬೇಕು. ಅಲ್ಲಿನ ಗುರು ಅದನ್ನು ಹೋಮದ ಬೆಂಕಿಗೆ ಹಾಕಿದರೆ ಜಾಗ ಸಿಕ್ಕಿತೆಂದು ಅರ್ಥ. ಹಾಕದಿದ್ದರೆ ಆ ಕಟ್ಟನ್ನು ದಾರಿಯಲ್ಲಿ ಎಸೆಯುವಂತಿಲ್ಲ. ನಾಲ್ಕು ಜನ ನೋಡುವಂತೆ ಹೊತ್ತುಕೊಂಡೇ ಹಿಂದಿರುಗಬೇಕು.

ಸುಕೇತುವಿಗೆ ಹದಿನೇಳು ತುಂಬಿತ್ತು. ಆ ಹಿಂದಿರುಗುವ ದಾರಿಯನ್ನು ನೆನೆದೇ ಅವನ ನಿದ್ದೆ ಹಾರಿಹೋಗಿತ್ತು.

ಬೆಳಿಗ್ಗೆ ಮೂರು ಕಟ್ಟು ಸಮಿತ್ತು ತಂದು ಗುರು ಅನಂತಬೋಧರ ಮುಂದಿಟ್ಟ.

“ಯಾವ ಯಾವ ಗುರುಕುಲಕ್ಕೆ?”

“ವ್ಯಾಕರಣಕ್ಕೆ ಒಂದು, ಜ್ಯೋತಿಷಕ್ಕೆ ಎರಡು. ಮೂರೂ ಕಡೆ ಕೇಳಿದವರಿಗೆಲ್ಲ ಜಾಗ ಕೊಡುತ್ತಾರಂತೆ. ಇವುಗಳಲ್ಲಿ ಯಾವುದು ಒಳ್ಳೆಯದೆಂದು ತಾವೇ ಹೇಳಿಬಿಡಿ, ಗುರುಗಳೇ.”

“ಗಿಡಮೂಲಿಕೆ ಅಂದರೆ ಊಟ ಬಿಟ್ಟು ಅದರ ಹಿಂದೆ ಓಡುವವನು ನೀನು. ಬೆಟ್ಟದ ವೈದ್ಯಗುರುಗಳ ಹೆಸರೇ ಇಲ್ಲವಲ್ಲ?”

ಸುಕೇತು ತಲೆ ತಗ್ಗಿಸಿದ. “ಅವರು ಹೆಚ್ಚಿನವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಾರೆ. ನನಗೆ ಹೆದರಿಕೆ.”

“ಹಾಗಾದರೆ ಒಂದು ಕಟ್ಟು ಹಿಡಿದು ಹೊರಗೆ ಹೋಗಿ ಬಾಗಿಲು ತಟ್ಟು. ನಾನೇ ಆ ವೈದ್ಯಗುರು ಅಂದುಕೋ.”

ಆಟವೆಂದು ಗೊತ್ತಿದ್ದರೂ ಕಟ್ಟನ್ನು ಎದೆಗವಚಿಕೊಂಡೇ ಬಾಗಿಲು ತಟ್ಟಿದ. ಗುರುಗಳು ಬಾಗಿಲು ತೆರೆದರು.

“ವೈದ್ಯವೇ ಏಕೆ?” ದನಿ ಒರಟಾಗಿತ್ತು.

“ನನ್ನ ತಂಗಿ ಜ್ವರದಲ್ಲಿ ತೀರಿಕೊಂಡಳು. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ನಾನು ಸುಮ್ಮನೆ... ಅವಳ ಕೈ ಹಿಡಿದು ಕೂತಿದ್ದೆ.”

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಟ್ಟನ್ನು ಮುಟ್ಟಲಿಲ್ಲ.

“ನಿನಗೆ ಇಲ್ಲಿ ಜಾಗವಿಲ್ಲ. ಹೊರಡು.”

ಬಾಗಿಲು ಮುಚ್ಚಿತು. ನಗುತ್ತಾ ತೆರೆಯುತ್ತಾರೆಂದು ಸುಕೇತು ಕಾದ. ತೆರೆಯಲಿಲ್ಲ.

ಆಟವೋ ನಿಜವೋ ಅವನಿಗೆ ತಿಳಿಯಲಿಲ್ಲ. ಗುರುಗಳು ನನ್ನಲ್ಲಿ ಏನೋ ಕೊರತೆ ಕಂಡುಬಿಟ್ಟರು, ನಾನು ಯಾವುದಕ್ಕೂ ಆಗುವವನಲ್ಲ ಅಂದುಕೊಂಡ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಸಹಪಾಠಿಗಳೆಲ್ಲ ಕತ್ತೆತ್ತಿ ನೋಡಿದರು. ಪದ್ಧತಿ ಎಂದರೆ ಪದ್ಧತಿ. ಕಟ್ಟನ್ನು ಎಸೆಯದೆ ಅವರ ಕಣ್ಣೆದುರೇ ಹೊತ್ತು ನಡೆದು ಹೊಳೆ ಸೇರಿದ. ಅಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಬಿಸಿಲೇರಿದ ಮೇಲೆ ಗುರುಗಳು ಬಂದು ಪಕ್ಕದಲ್ಲಿ ಕೂತರು.

“ಏನಾಯಿತು?”

“ತಾವೇ ಹೊರಡು ಅಂದಿರಲ್ಲ!”

“ನಾನು ಅಂದದ್ದು ನನಗೆ ಗೊತ್ತು. ನಿನಗೇನಾಯಿತು, ಅದನ್ನು ಹೇಳು.”

“ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.”

“ವೈದ್ಯ ಕಲಿಯುವ ಆಸೆ?”

ಸುಕೇತು ತನ್ನೊಳಗೆ ತಡಕಾಡಿದ. ಆಸೆಯೂ ಹೋಗಿಬಿಟ್ಟಿದ್ದರೆ ಎಂಬ ಭಯ ಉಳಿದೆಲ್ಲ ಭಯಕ್ಕಿಂತ ದೊಡ್ಡದಾಗಿತ್ತು.

“ಇದೆ,” ಎಂದ ಕೊನೆಗೆ. “ಹಾಗೇ ಇದೆ.”

ಗುರುಗಳು ಎದ್ದರು. “ಆ ಮೂರು ಕಡೆಗೂ ಹೋಗು, ಬೇಡವೆನ್ನುವುದಿಲ್ಲ. ಆದರೆ ಮೊದಲು ಬೆಟ್ಟಕ್ಕೆ ಹೋಗು.”

“ಅವರೂ ಹೀಗೇ ಕಳಿಸಿದರೆ? ನನ್ನ ಹೆದರಿಕೆ ಒಂದಿಷ್ಟೂ ಕಡಿಮೆಯಾಗಿಲ್ಲ, ಗುರುಗಳೇ.”

“ಅದನ್ನೂ ಕರೆದುಕೊಂಡು ಹೋಗು. ಬೆಟ್ಟದ ದಾರಿಯಲ್ಲಿ ಒಬ್ಬನೇ ಹೋಗಬಾರದು.”