ಮಡುವಿನ ಮೀನು, ಅಂಗಡಿಯ ಕೋಲು

"ಗುರುಗಳೇ, ದೇವರಿಗಾಗಿ ಇನ್ನೆಷ್ಟು ಕಾಯಲಿ?" ಎಂದು ಶಿಷ್ಯ ಕೇಳಿದ. ಹೆಗಲ ಮೇಲೆ ಅವನ ಗಂಟಿತ್ತು. "ಚಿಕ್ಕವನಿದ್ದಾಗ ಒಮ್ಮೆ, ಒಂದೇ ಗಳಿಗೆ, ಅವನ ಸುಳಿವು ಸಿಕ್ಕಿತ್ತು. ಆಮೇಲೆ ಬೇರೇನೂ ರುಚಿಸಲಿಲ್ಲ. ಹಾಡುವವರ ಮಠದಲ್ಲಿ ಹಾಡಿದೆ, ಬರಲಿಲ್ಲ. ಇಲ್ಲಿ ಮೌನ ಹಿಡಿದೆ, ಬರಲಿಲ್ಲ. ಬೆಟ್ಟದಾಚೆ ಇನ್ನೊಬ್ಬ ಗುರುಗಳಿದ್ದಾರಂತೆ. ಅಪ್ಪಣೆ ಕೊಡಿ."

"ಹೋಗುವೆಯಂತೆ. ಒಂದು ಮೀನಿನ ಕತೆ ಕೇಳಿ ಹೋಗು. ಮೂಗು ಮುರಿಯಬೇಡ, ಬೇಯಿಸುವ ಮೀನಲ್ಲ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಒಂದು ಸಂಜೆ ಹೊಳೆಯ ಮಡುವಿನಲ್ಲಿ ಕಾಲು ತೊಳೆಯುವಾಗ ಒಂದು ಮೀನನ್ನು ಕಂಡ. ಅದು ಮೇಲೆದ್ದು, ನೀರಿನ ಮೇಲೆ ಕೂತಿದ್ದ ಹುಳವನ್ನು ನುಂಗಿ, ಪಕ್ಕೆ ಹೊಳೆಸಿ ಮುಳುಗಿತು. ಅಷ್ಟೇ. ಅಂದಿನಿಂದ ಅವನಿಗೆ ಊಟ ಸೇರದು. ಬೇರೆ ಮೀನು ಕಣ್ಣಿಗೆ ಹಿಡಿಸದು.

ಗಾಳದ ಕೋಲು ಮಾರುವ ವ್ಯಾಪಾರಿಯ ಬಳಿಗೆ ಹೋದ.

"ನಿನ್ನ ಮೀನು ಎಲ್ಲಿ ಮೇಯುತ್ತದಪ್ಪ?" ಎಂದು ವ್ಯಾಪಾರಿ ಕೇಳಿದ. "ಮೇಲೆ ಎಂದಾದರೆ ಮೆದು ಕೋಲು. ಗರಿಯಿಂದ ಕಟ್ಟಿದ ಹುಸಿ ಹುಳ ಸದ್ದಿಲ್ಲದೆ ಇಳಿದು ತೇಲಬೇಕು. ತಳದಲ್ಲಿ ಎಂದಾದರೆ ಉದ್ದನೆಯದು. ಮುಳುಗಿದ ಹುಳ ಕಣ್ಣಿಗೆ ಕಾಣದು. ಮೀನು ಮುಟ್ಟಿದ್ದು ಕೈಗೇ ತಿಳಿಯಬೇಕು."

"ಮೇಲೆಯೇ. ಕಣ್ಣಾರೆ ಕಂಡಿದ್ದೇನೆ" ಎಂದು ರೈತ ಮೆದು ಕೋಲು ಕೊಂಡ.

ಒಂದೆರಡು ಸಂಜೆ ಮೀನು ಏಳಲಿಲ್ಲ. ತಳ ಹಿಡಿದಿದೆ ಎಂದುಕೊಂಡು ಪೇಟೆಗೆ ಓಡಿದ, ಉದ್ದ ಕೋಲು ತಂದ. ಕೈಗೆ ಏನೂ ತಿಳಿಯಲಿಲ್ಲ. ಕೋಲು ಗಡುಸು ಎಂದು ಮತ್ತೆ ಹೋದ. ತೂಕ ಹೆಚ್ಚೆಂದು ಮತ್ತೂ ಹೋದ. ವ್ಯಾಪಾರಿ ಬೇಡವೆನ್ನಲಿಲ್ಲ. ಗಿರಾಕಿ ಕೇಳಿದ್ದನ್ನು ಕೊಡುವುದು ಅಂಗಡಿಯ ಧರ್ಮ, ಕೇಳದ್ದನ್ನು ಹೇಳುವುದಲ್ಲ.

ಕೊನೆಗೆ ರೈತನೇ ಕೇಳಿದ: "ಶೆಟ್ಟರೇ, ಮೇಲಕ್ಕೂ ತಳಕ್ಕೂ ಆಗುವಂಥ ಒಂದೇ ಕೋಲು ಇಲ್ಲವೇ?"

"ನಿನ್ನ ಹತ್ತಿರ ಇರುವುದರಲ್ಲಿ ಯಾವುದಾದರೂ ಆದೀತು. ದಂಡೆಯಲ್ಲಿ ಚೆನ್ನಾಗಿ ಕಾಯಬೇಕು, ಅಷ್ಟೇ."

ಬಿದಿರಿನ ಕೋಲನ್ನು ಬೆಂಕಿಗೆ ಹಿಡಿದು ಹದ ಮಾಡುವುದನ್ನು ರೈತ ಕಂಡಿದ್ದ. ದಂಡೆಗೆ ಬಂದು ಪುಳ್ಳೆ ಆಯ್ದು ಬೆಂಕಿ ಹಾಕಿದ. ಕೋಲುಗಳನ್ನು ಒಂದೊಂದಾಗಿ ಕಾಯಿಸಿದ. ಗೆಣ್ಣುಗೆಣ್ಣಿಗೂ ಪಟಪಟನೆ ಸಿಡಿದು ಎಲ್ಲವೂ ಸೀಳಿಹೋದವು. ಕರಿ ಹಿಡಿದ ಸೀಳುಗಳನ್ನು ತಂದು ಅಂಗಡಿಯ ಮುಂದೆ ಸುರಿದ.

"ನೀವು ಹೇಳಿದ ಹಾಗೆಯೇ ಕಾಯಿಸಿದೆ. ನೋಡಿ ನಿಮ್ಮ ಮಾಲು!"

ವ್ಯಾಪಾರಿ ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಮ! ಕಾಯಿಸು ಎಂದೆನೇ? ಕಾಯಬೇಕು ಎಂದೆ. ಕಾಯಬೇಕಾದದ್ದು ಬಿದಿರಲ್ಲ, ನೀನು!"

"ನಾನು ಕಾದಷ್ಟು ಇನ್ಯಾರು ಕಾದಾರು?" ಎಂದು ರೈತ ಕಣ್ಣೊರೆಸಿಕೊಂಡು ಹೊರಟ.

ಮಡುವಿನ ಬಳಿ ಅಂಬಿಗ ಹರಿಗೋಲು ಕಟ್ಟುತ್ತಿದ್ದ. "ಎಲ್ಲಿ ಹೋಗಿದ್ದೆ ಅಣ್ಣಾ? ನಿನ್ನ ಮೀನು ಈಗಷ್ಟೇ ಎದ್ದು ಹೋಯಿತು. ನೀನು ಪೇಟೆಗೆ ಹೋದಾಗಲೆಲ್ಲ ಏಳುತ್ತದೆ. ನೀನು ಕೂರುವ ಕಲ್ಲನ್ನೇ ಸುತ್ತುತ್ತದೆ" ಎಂದ.

ರೈತ ಓಡಿಹೋಗಿ ಕಲ್ಲಿನ ಮೇಲೆ ಕೂತ. ಕೈಯಲ್ಲಿ ಕೋಲಿರಲಿಲ್ಲ. ನೀರಿನ ಮೇಲೆ ಮೀನೆದ್ದ ಅಲೆಯ ಬಳೆ ಇನ್ನೂ ಅಗಲವಾಗುತ್ತಿತ್ತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಗಂಟನ್ನು ಇಳಿಸಲಿಲ್ಲ. "ಆ ರೈತ ಅಂಗಡಿಗೆ ಅಲೆದ, ಸರಿ. ನಾನು ಇಷ್ಟು ವರ್ಷ ಕಾದೆನಲ್ಲ, ಗುರುಗಳೇ?" ಎಂದ.

"ನೀನೆಲ್ಲಿ ಕಾದೆ, ಮಗು? ದೇವರನ್ನು ಕಾಯಿಸಿದೆ."