ಗೆದ್ದಲಿನ ಮಾತು ಹೇಳಿದ ಹೊನ್ನೆ ಮರ

ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಮರಿ ಬಲಿಯುವ ತನಕ ಹೊರಗೆ ಬರುವುದಿಲ್ಲ. ಅದಕ್ಕೇ ಗಂಡು ಮಂಗಟ್ಟೆ ಪ್ರತಿವರ್ಷ ಮರಗಳನ್ನು ವಿಚಾರಿಸಿಯೇ ಪೊಟರೆ ಆರಿಸುತ್ತಿತ್ತು.

ಒಂದು ವರ್ಷ ಹಾಗೆ ವಿಚಾರಿಸಿದಾಗ ಹೊನ್ನೆ ಮರ ಹೇಳಿತು: “ಸ್ವಾಮಿ, ನನ್ನ ಬುಡಕ್ಕೆ ಒಂದು ಕಡೆ ಗೆದ್ದಲು ಹತ್ತಿದೆ. ಮರಕುಟಿಗನನ್ನು ಕರೆಸಿ ಹೆಕ್ಕಿಸುತ್ತಿದ್ದೇನೆ. ಪೊಟರೆಗೆ ಅಪಾಯವಿಲ್ಲ. ಆದರೂ ನಿಮಗೆ ತಿಳಿದಿರಲಿ.”

ಪಕ್ಕದ ಮತ್ತಿ ಮರ ಹೇಳಿತು: “ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೇನೆ.”

ಗೆದ್ದಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಂಗಟ್ಟೆ ಮತ್ತಿಗೆ ಹಾರಿತು. ಅದನ್ನು ನೋಡಿ ಮಿಕ್ಕ ಹಕ್ಕಿಗಳೂ ಹೊನ್ನೆಯನ್ನು ಬಿಟ್ಟು ಹೋದವು. ಮೊದಲ ಗಾಳಿಗೇ ಮತ್ತಿ ಮುರಿದು ಬಿತ್ತು. ಒಳಗೆಲ್ಲ ಗೆದ್ದಲು. ಅದರ ಪೊಟರೆಯಲ್ಲಿದ್ದ ಹೆಣ್ಣು ಹೇಗೋ ಬದುಕಿತು, ಮೊಟ್ಟೆಗಳು ಉಳಿಯಲಿಲ್ಲ.

ಮರುವರ್ಷ ಎರಡೂ ಮಂಗಟ್ಟೆಗಳು ತಲೆ ತಗ್ಗಿಸಿಕೊಂಡು ಹೊನ್ನೆಯ ಬಳಿ ಬಂದವು. ಗಂಡು ಕೇಳಿತು: “ಬುಡ ಹೇಗಿದೆ, ಅಣ್ಣಾ?”

ವರ್ಷವಿಡೀ ಒಂದು ಹಕ್ಕಿಯ ದನಿಯೂ ಇಲ್ಲದೆ ನಿಂತಿದ್ದ ಹೊನ್ನೆ ಹೇಳಿತು: “ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೇನೆ.”

“ಒಳಗೆ ಹೋಗಲೇ?” ಎಂದು ಹೆಣ್ಣು ಕೇಳಿತು.

ಗಂಡು ಕೆಳಗಿಳಿದು ಬುಡವನ್ನು ಕೊಕ್ಕಿನಿಂದ ತಟ್ಟಿ ನೋಡತೊಡಗಿತು. ಹೊನ್ನೆಗೆ ಆ ಮಾತು ಕಲಿಸಿದ್ದು ತಾನೇ ಎಂದು ಅದಕ್ಕೆ ಗೊತ್ತಿತ್ತು.